ರಾಜೀವನಗರಕ್ಕೆ ಹೋಗಿ ನಟ್ಟು ಗಿಡ್ಡ ಮಾಡಿಸಿಕೊಂಡು ಬಂದದ್ದು

ಭಾನುವಾರ ಬೆಳಗ್ಗೆ ಎಂಟೂವರೆಗೆ ಬೋಗಾದಿಯ ಮನೆ ಬಿಟ್ಟೆ. ಹೋಗಬೇಕಿದ್ದದ್ದು ಊರಿನ ಇನ್ನೊಂದು ತುದಿಯ ರಾಜೀವನಗರಕ್ಕೆ. ನಾನು ಹಿಡಿದ ಸುತ್ತುದಾರಿಯಲ್ಲಿ, ಬೈಕಿನ ಮೀಟರಿನ ಪ್ರಕಾರ, ಹನ್ನೊಂದು ಕಿಲೋಮೀಟರ್. ಇದನ್ನೂ ಪ್ರವಾಸ ಅಂತ ಬರೆಯುತ್ತಾನಲ್ಲ ಎಂದು ಯಾರಾದರೂ ನಗಬಹುದು, ನಗಲಿ. ಆಷಾಢದ ಗಾಳಿ ಬೀಸುತ್ತಿತ್ತು, ಮಳೆ ಇರಲಿಲ್ಲ. ಚೀಲದಲ್ಲಿ ಒಂದು ಲೀಟರ್ ಹೊಸ ಇಂಜಿನ್ ಆಯಿಲ್, ಕೈ ಒರೆಸಲು ಹಳೇ ಬನಿಯನ್, ಕುಡಿಯಲು ನೀರು ಇದ್ದವು. ಹಿಂದಿನ ಸೀಟು ಖಾಲಿ ಇತ್ತು.

ಆ ಸೀಟು ಖಾಲಿಯಾಗಿ ನಾಲ್ಕು ತಿಂಗಳಾಗಿತ್ತು. ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿಸಿದವರೆಲ್ಲ ಮಿಕ್ಕ ಕಾಂಕ್ರೀಟಿನಲ್ಲಿ ತಮ್ಮ ಮನೆ ಮುಂದೊಂದು ಹಂಪ್ ಹಾಕಿಸಿಬಿಡುತ್ತಾರೆ. ಅಳತೆ ಗಿಳತೆ ಏನೂ ಇಲ್ಲ, ಮಿಕ್ಕಿದ್ದು ಎಷ್ಟೋ ಹಂಪಿನ ಎತ್ತರ ಅಷ್ಟು. ನಾನೊಬ್ಬನೇ ಹೋದರೆ ಬೈಕು ದಾಟಿಬಿಡುತ್ತಿತ್ತು. ಹೆಂಡತಿ ಗಿರಿಜಾ ಹಿಂದೆ ಕೂತರೆ ಇಂಜಿನ್ ಕೆಳಗೆ ಟಣ್ ಎಂದು ತಾಗುತ್ತಿತ್ತು. ಕಟ್ಟೆಯ ಮೇಲೆ ಕೂತವರು ತಿರುಗಿ ನೋಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಯುಗಾದಿಯ ದಿನ ಚಾಮರಾಜಪುರಂನಲ್ಲಿರುವ ಗಿರಿಜಾಳ ಅಕ್ಕನ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿಸಿ ಕೂತಿದ್ದಾಗ ಷಡ್ಡಕರು, "ಗಾಡಿ ಗೇಟಿನ ಹತ್ರ ಯಾಕ್ರೀ ಹಂಗೆ ಶಬ್ದ ಮಾಡ್ತು?" ಎಂದು ಕೇಳಿದರು. ಅಷ್ಟೇ ಸಾಕಾಯಿತು ನನಗೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬೈಕಿನ ತೂಕ, ನನ್ನ ತೂಕ, ಗಿರಿಜಾಳ ತೂಕ, ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ, ಹಂಪ್ ಎಷ್ಟು ಎತ್ತರ ಎಲ್ಲ ಬರೆದು ಲೆಕ್ಕ ಬಿಡಿಸಿದೆ. ಉತ್ತರದ ಕೆಳಗೆ ಎರಡು ಗೆರೆ ಎಳೆದು, "ಹಿಂದಿನ ಲೋಡು ಹದಿನೈದು ಕೆಜಿ ಇಳಿದರೆ ಸಮಸ್ಯೆ ಪರಿಹಾರ" ಎಂದು ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಿರಿಜಾಳೂ ನಕ್ಕಳು. ಸಂಜೆ ಹೊರಡುವಾಗ, "ನಾನು ಬಸ್ಸಲ್ಲಿ ಬರ್ತೀನಿ. ಹೇಗೂ ಹೆಂಗಸರಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ತೋರಿಸಿದ್ರೆ ಆಯ್ತು" ಎಂದಳು. ಅವತ್ತಿನಿಂದ ಬೈಕ್ ಹತ್ತಿರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಊಟ ತಿಂಡಿ ಮಾತುಕತೆ ಎಲ್ಲ ಎಂದಿನಂತೆಯೇ ಇತ್ತು. ಬಾ ಎಂದು ಕರೆದರೆ ಮಾತ್ರ, "ಗಾಡಿಗೆ ಯಾಕೆ ಭಾರ, ನೀವು ಹೋಗಿ" ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ನನ್ನ ಬೆನ್ನ ಹಿಂದೆ ಕೂತು ತರಕಾರಿ ರೇಟಿನಿಂದ ಹಿಡಿದು ದೇಶದ ರಾಜಕೀಯದವರೆಗೆ ಮಾತಾಡಿದವಳು. ಒಬ್ಬನೇ ಬೈಕ್ ಓಡಿಸುವುದು ನನಗೆ ಬೇಸರ ಹಿಡಿಸಿಬಿಟ್ಟಿತ್ತು.

ನಮ್ಮ ಬೀದಿಯ ಮೆಕ್ಯಾನಿಕ್ ಸೋಮಣ್ಣ ಒಂದು ದಿನ ಬಗ್ಗಿ ನೋಡಿ, "ಸಾರ್, ತಗುಲ್ತಾ ಇರೋದು ಆಯಿಲ್ ನಟ್ಟು. ಆಯಿಲ್ ಇಳಿಸೋಕೆ ತಳದಲ್ಲಿ ಹಾಕಿರ್ತಾರಲ್ಲ, ಅದು. ಗಿಡ್ಡ ಮಾಡಿಸ್ಬುಡಿ. ರಾಜೀವನಗರದಲ್ಲಿ ನಜೀರ್ ಭಾಯ್ ಅಂತ, ಕಬ್ಣ ಕಡೆಯೋ ಲೇತ್ ಇಟ್ಕೊಂಡವ್ರೆ, ಭಾನುವಾರಾನೂ ತೆಗ್ದಿರ್ತಾರೆ ಕಣಿ" ಎಂದಿದ್ದ. ಹಾಗೆ ಈ ಪ್ರಯಾಣ ಗೊತ್ತಾದದ್ದು. ಗಿರಿಜಾಗೆ ಹೇಳಿರಲಿಲ್ಲ. ಆ ಭಾನುವಾರ ನಾನು ಹೊರಡುವ ಮೊದಲೇ ಅವಳು ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿಯಾಗಿತ್ತು.

ಮಾನಸಗಂಗೋತ್ರಿ ದಾಟುವಾಗ ರಸ್ತೆಯ ಮೇಲೆಲ್ಲ ಹಳದಿ ಎಲೆ ಉದುರಿತ್ತು. ಚಾಮರಾಜಪುರಂನಲ್ಲಿ ಅತ್ತಿಗೆಯ ಮನೆಯ ಬೀದಿ ಬಂದಾಗ ತಲೆ ತಗ್ಗಿಸಿಕೊಂಡು ಮುಂದೆ ಹೋದೆ. ಅಗ್ರಹಾರದ ಸಣ್ಣ ಹೋಟೆಲೊಂದರಲ್ಲಿ ಎರಡು ಇಡ್ಲಿ, ಒಂದು ವಡೆ, ಕಾಫಿ ಆಯಿತು. ಇಡ್ಲಿ ಮೆತ್ತಗಿತ್ತು, ಚಟ್ನಿಗೆ ಖಾರ ಸಾಲದು. ಫೌಂಟನ್ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ಎರಡು ಸಲ ಕಾದು, ಒಂಬತ್ತೂಮುಕ್ಕಾಲಿಗೆ ರಾಜೀವನಗರ ಮುಟ್ಟಿದೆ. ಬೀದಿಗಳು ಇಕ್ಕಟ್ಟು. ಬೇಕರಿಯವರೊಬ್ಬರನ್ನು ವಿಚಾರಿಸಿದರೆ, "ಲೇತ್ ಸದ್ದು ಕೇಳೋ ಕಡೆ ಹೋಗಿ" ಎಂದರು. ಹೋದೆ, ಸಿಕ್ಕಿತು.

ನಜೀರ್ ಭಾಯ್ ಅರವತ್ತರ ಹತ್ತಿರದವರು. ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಕಮ್ಮಿ. ನಾನು ಕಥೆ ಶುರು ಮಾಡುವಷ್ಟರಲ್ಲಿ ನೆಲದ ಮೇಲೊಂದು ಗೋಣಿಚೀಲ ಹಾಸಿದರು.

"ಮಲ್ಕೊಳಿ ಸಾರ್."

"ನಾನಾ?"

"ಗಾಡಿ ಯಾರ್ದೋ ಅವ್ರೇ ಮೊದ್ಲು ನೋಡ್ಬೇಕು. ಮಾಲೀಕರು ನೋಡ್ದೆ ನಾನು ಸ್ಪ್ಯಾನರ್ ಮುಟ್ಟಲ್ಲ. ಆಮೇಲೆ ನೀವು ಹಂಗಂದ್ರಿ ಹಿಂಗಂದ್ರಿ ಅಂತ ಬರೋದು ಬೇಡ."

ಪಕ್ಕದ ಟೀ ಅಂಗಡಿಯ ರಫೀಕ್ ಅವರನ್ನು ಕರೆದು ಬೈಕಿನ ಮೇಲೆ ಕೂರಿಸಿದರು. ಟೀ ಕುಡಿಯುತ್ತಿದ್ದ ದಪ್ಪನೆಯ ಗಿರಾಕಿಯೊಬ್ಬರನ್ನು ಹಿಂದೆ ಹತ್ತಿಸಿದರು. ಇಬ್ಬರೂ ಸೇರಿದರೆ ನನ್ನನ್ನೂ ಗಿರಿಜಾಳನ್ನೂ ಮೀರಿಸುವ ಭಾರ. ನಜೀರ್ ಭಾಯ್ ಇಂಜಿನ್ ಕೆಳಗೆ ಹಂಪಿನಷ್ಟು ಎತ್ತರಕ್ಕೆ ಇಟ್ಟಿಗೆ ಇಟ್ಟು ಅದರ ಮೇಲೊಂದು ಮರದ ಹಲಗೆ ತೂರಿಸಿದರು. ನಾನು ಮಗ್ಗುಲಾಗಿ ಮಲಗಿ ನೋಡಿದೆ. ಇಂಜಿನ್ ತಳಕ್ಕೂ ಹಲಗೆಗೂ ನಡುವೆ ಒಂದು ಬೆರಳು ಆರಾಮಾಗಿ ಹೋಗುವಷ್ಟು ಜಾಗವಿತ್ತು. ಆ ಜಾಗವನ್ನೆಲ್ಲ ತುಂಬಿಕೊಂಡು ಹಲಗೆಗೆ ಒತ್ತಿ ನಿಂತಿದ್ದದ್ದು ನಟ್ಟಿನ ತಲೆ ಒಂದೇ. ಹಂಪಿಗೆ ಉಜ್ಜಿ ಉಜ್ಜಿ ಅದು ಬೆಳ್ಳಿ ಹಾಗೆ ಹೊಳೆಯುತ್ತಿತ್ತು.

ನಜೀರ್ ಭಾಯ್ ಡಬ್ಬದಿಂದ ಅದೇ ಮಾದರಿಯ ಬೈಕಿನ ಹಳೆಯ ನಟ್ಟೊಂದನ್ನು ತೆಗೆದು ನನ್ನ ಕಣ್ಣ ಮುಂದೆ ಹಿಡಿದರು. "ಇದು ಕಂಪನೀದು, ನೋಡಿ." ಅದರ ತಲೆ ನನ್ನ ನಟ್ಟಿನ ಅರ್ಧ ಇತ್ತು. "ನಿಮ್ದಕ್ಕೆ ವಾಷರ್ ಬೇರೆ ಎರಡು ಹಾಕವ್ರೆ. ಯಾರು ಸಾರ್ ಇದನ್ನ ಹಾಕಿದ್ದು?"

ಹಾಕಿದವನು ನಾನೇ. ಎರಡು ವರ್ಷದ ಹಿಂದೆ ಆಯಿಲ್ ಬದಲಿಸುವಾಗ ಸ್ಪ್ಯಾನರ್ ಜಾರಿಸಿ ಕಂಪನಿ ನಟ್ಟಿನ ಮೂಲೆಗಳನ್ನೆಲ್ಲ ಸವೆಸಿದ್ದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮರೆಗೆ, ಅಂದರೆ ತಿರುಪಿನ ಸುತ್ತಿಗೆ, ಹೊಂದುವ ಬೇರೊಂದನ್ನು ಹುಡುಕಿ ತಂದು ಬಿಗಿದೆ. ಹನಿ ಸೋರಿದಾಗ ಇನ್ನೊಂದು ವಾಷರ್ ಸೇರಿಸಿ, ಸೋರಿಕೆ ನಿಂತಿತೆಂದು ಗಿರಿಜಾಳನ್ನು ಕರೆದು ತೋರಿಸಿ ಬೀಗಿದ್ದೆ. ಯುಗಾದಿಯ ಲೆಕ್ಕದಲ್ಲಿ ಎಲ್ಲವನ್ನೂ ಅಳೆದಿದ್ದೆ, ನಾನೇ ಹಾಕಿದ ನಟ್ಟನ್ನು ಮಾತ್ರ ಅಳೆದಿರಲಿಲ್ಲ. ಗೋಣಿಚೀಲದ ಮೇಲೆ ಮಲಗಿದ್ದಂತೆಯೇ ನಾಚಿಕೆಯಾಯಿತು.

"ಯಾರೋ ಮೆಕ್ಯಾನಿಕ್" ಎಂದೆ.

"ಆ ಮೆಕ್ಯಾನಿಕ್‌ಗೆ ಹೇಳಿ, ಲಾರಿ ನಟ್ಟನ್ನ ಬೈಕಿಗೆ ಹಾಕ್ಬಾರ್ದು ಅಂತ."

"ಹೇಳ್ತೀನಿ."

ಮೇಲೆ ಕೂತಿದ್ದ ದಪ್ಪನೆಯ ಗಿರಾಕಿ, "ನಾವು ಇಳೀಬೋದಾ?" ಎಂದು ಕೇಳಿದರು.

ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಿಸಿ ಆಯಿಲನ್ನು ತಗಡಿನ ಡಬ್ಬಕ್ಕೆ ಇಳಿಸಿ, ಬೆರಳಲ್ಲಿ ಉಜ್ಜಿ ನೋಡಿ, "ಇಂಜಿನ್ ಚೆನ್ನಾಗಿದೆ" ಎಂದರು. ತಲೆಯಲ್ಲಿ ಆರು ಮೂಲೆಯ ಕುಳಿ ಇರುವ ಅಲೆನ್ ಬೋಲ್ಟ್ ಒಂದನ್ನು ಲೇತಿಗೆ ಕಚ್ಚಿಸಿ, ತಲೆಯನ್ನು ಸುಲಿದು ಸುಲಿದು ಬಿಲ್ಲೆಯಷ್ಟು ತೆಳ್ಳಗೆ ಮಾಡಿದರು. ಹೊರಗಿನಿಂದ ಸ್ಪ್ಯಾನರ್ ಹಿಡಿಯುವ ಅಗತ್ಯವೇ ಇಲ್ಲ, ಕುಳಿಗೆ ಬಗ್ಗಿದ ಸಲಾಕೆ ಹಾಕಿ ತಿರುಗಿಸಿದರಾಯಿತು. ಒಂದೇ ವಾಷರ್, ತಾಮ್ರದ್ದು. ನಾನು ಕೈ ಹಾಕಿ ಇನ್ನೊಂದು ಸುತ್ತು ಬಿಗಿಯಲು ಹೋದೆ. ಕೈ ಹಿಡಿದುಕೊಂಡರು. "ಸಾಕು ಸಾರ್. ಇಂಜಿನ್ ಅಲ್ಯೂಮಿನಿಯಂ, ಮರೆ ಹೋದ್ರೆ ಅಳ್ಬೇಕಾಗುತ್ತೆ." ಹೊಸ ಆಯಿಲ್ ಹೊಯ್ದು, ರಫೀಕ್ ಅವರನ್ನು ಹಿಂದೆ ಕೂರಿಸಿ ಬೀದಿಯ ಹಂಪನ್ನು ನಾಲ್ಕು ಸಲ ಹತ್ತಿಸಿ ಇಳಿಸಿದೆ. ಸದ್ದೇ ಇಲ್ಲ. ರಫೀಕ್ ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹನ್ನೊಂದೂವರೆಗೆ ಚಾಮರಾಜಪುರಂ. ದಾರಿಯುದ್ದಕ್ಕೂ ಯೋಚಿಸಿದೆ. ಗಾಡಿ ಸರಿಹೋಯಿತು, ಬಾ ಎಂದಷ್ಟೇ ಹೇಳಿದರೆ ಸಾಕಿತ್ತು. ಆದರೆ ಹದಿನೈದು ಕೆಜಿಯ ಮಾತು ಹಾಗೇ ಉಳಿದುಬಿಡುತ್ತಿತ್ತು. ನಜೀರ್ ಭಾಯ್ ಮುಂದೆ ಒಂದು ಸುಳ್ಳು ಹೇಳಿದ್ದಾಗಿತ್ತು, ಎರಡನೆಯದಕ್ಕೆ ಮನಸ್ಸು ಒಪ್ಪಲಿಲ್ಲ.

ನಡುಮನೆಯಲ್ಲಿ ಷಡ್ಡಕರು ಪೇಪರ್ ಓದುತ್ತಿದ್ದರು, ಗಿರಿಜಾ ಅಲಸಂದೆ ಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ: "ಯುಗಾದಿ ದಿನ ನಾನು ಮಾಡಿದ ಲೆಕ್ಕ ತಪ್ಪು. ತಾಗ್ತಿದ್ದದ್ದು ನಾನೇ ಹಾಕಿದ್ದ ದೊಡ್ಡ ನಟ್ಟು. ಗಿರಿಜಾ ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಲ್ಲರೆದುರಿಗೆ ಅವಳನ್ನ ನಗೆಪಾಟಲು ಮಾಡಿದ್ದು ತಪ್ಪಾಯ್ತು."

ಷಡ್ಡಕರು ಪೇಪರ್ ಕೆಳಗಿಟ್ಟರು. ಗಿರಿಜಾ ಕೈಯಲ್ಲಿದ್ದ ಕಾಯನ್ನು ಪೂರ್ತಿ ಸುಲಿದು ಕಾಳನ್ನು ಪಾತ್ರೆಗೆ ಹಾಕಿದಳು.

"ಇನ್ನೊಂದ್ಸಲ ಹೇಳಿ" ಎಂದಳು. "ಅಕ್ಕ ಅಡುಗೆಮನೇಲಿದ್ಲು, ಅವಳಿಗೆ ಕೇಳಿಸ್ಲಿಲ್ಲ."

ಅತ್ತಿಗೆ ಸೌಟು ಹಿಡಿದುಕೊಂಡೇ ಬಂದರು. ಇನ್ನೊಂದು ಸಲ, ಪಾಠ ಒಪ್ಪಿಸುವವನಂತೆ, ಮೊದಲಿಂದ ಹೇಳಿದೆ. "ಅಬ್ಬಾ, ಮೇಷ್ಟ್ರೂ ಫೇಲಾಗ್ತಾರೆ ಅನ್ನಿ" ಎಂದು ಅತ್ತಿಗೆ ನಕ್ಕರು. ಈ ಸಲ ಎಲ್ಲರೂ ನಕ್ಕದ್ದು ನನ್ನನ್ನು ನೋಡಿ. ನನಗೆ ಹಗುರವೆನಿಸಿತು.

ಅಲ್ಲೇ ಊಟ ಮಾಡಿ ಮೂರು ಗಂಟೆಗೆ ಹೊರಟೆವು. ಗಿರಿಜಾ ತಾನಾಗಿಯೇ ಬಂದು ಹಿಂದೆ ಕೂತಳು. ನಮ್ಮ ಬಡಾವಣೆಯ ಮೊದಲ ಹಂಪ್ ಬಂದಾಗ ವೇಗ ಇಳಿಸಿದೆ. ಕಾಲು ನೆಲಕ್ಕೆ ಕೊಟ್ಟು ಇಂಚಿಂಚಾಗಿ ದಾಟಿಸಿದೆ. ಸದ್ದಿಲ್ಲ. ಎರಡನೆಯದನ್ನೂ ಹಾಗೇ ದಾಟಿಸಿದೆ. ಮೂರನೆಯದಕ್ಕೆ ಕಾಲು ಇಳಿಸುತ್ತಿದ್ದಂತೆ ಬೆನ್ನಿಗೆ ಒಂದು ಗುದ್ದು ಬಿತ್ತು.

"ಇನ್ನೂ ನನ್ನ ಮೇಲೇ ಅನುಮಾನವಾ? ಕಾಲು ಮೇಲೆ ತಗೊಂಡು ಓಡಿಸ್ರೀ!"

ಕಾಲು ಮೇಲೆ ತೆಗೆದುಕೊಂಡೆ.