ನನ್ನ ಕ್ಷಯ, ಜಯಮ್ಮತ್ತೆಯ ಕೆಮ್ಮು

ಮೂರು ವರ್ಷದ ಹಿಂದಿನ ಮಾತು. ನಾನಾಗ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ರಜೆಗೆಂದು ಅಕ್ಕೂರಿಗೆ ಬಂದವಳನ್ನು ನಾನು ಓದಿದ ಹೈಸ್ಕೂಲಿನ ಮೇಷ್ಟ್ರು ಹಿಡಿದುಕೊಂಡರು. "ನಿನ್ನ ಸಂಶೋಧನೆ ಬಗ್ಗೆ ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಮ್ಮ, ಊರವರೂ ಕೇಳಲಿ" ಅಂದರು. ನನಗೆ ಹಿಗ್ಗೋ ಹಿಗ್ಗು. ಬೋರ್ಡಿನ ಮೇಲೆ ನಾನೇ ದಪ್ಪ ಅಕ್ಷರದಲ್ಲಿ 'ಕೇಯಾನ್‌ಗಳ ಅಪರೂಪದ ಕ್ಷಯ' ಅಂತ ಬರೆದೆ.

ಕೇಯಾನ್ ಅಂದರೆ ಪರಮಾಣುವಿಗಿಂತಲೂ ಎಷ್ಟೋ ಚಿಕ್ಕ ಕಣ. ಹುಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದು ಬೇರೆ ಕಣಗಳಾಗಿಬಿಡುತ್ತದೆ. ಇದಕ್ಕೆ ನಮ್ಮ ಪುಸ್ತಕಗಳಲ್ಲಿ ಕ್ಷಯ ಅನ್ನುತ್ತಾರೆ. ಅದರಲ್ಲೂ ಒಂದು ಬಗೆಯ ಕ್ಷಯ ಸಾವಿರ ಕೋಟಿ ಕೇಯಾನ್‌ಗಳಲ್ಲಿ ಒಂದಕ್ಕೆ ಆದರೆ ಹೆಚ್ಚು. ಎಷ್ಟರಲ್ಲಿ ಒಂದಕ್ಕೆ ಆಗಬೇಕು ಅಂತ ಮೊದಲೇ ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ಪ್ರಯೋಗ ಮಾಡುವವರಿಗೆ ಸಿಕ್ಕಿದ್ದು ನಮ್ಮ ಲೆಕ್ಕಕ್ಕೆ ಹೊಂದದಿದ್ದರೆ, ಯಾರಿಗೂ ಗೊತ್ತಿಲ್ಲದ್ದೇನೋ ಇದೆ ಎಂದರ್ಥ. ಇದನ್ನೆಲ್ಲ ಹೇಳಿ ಚಪ್ಪಾಳೆ ಹೊಡೆಸಿಕೊಂಡು ಬಂದೆ.

ಮಾರನೇ ಬೆಳಿಗ್ಗೆ ಹಿಂದಿನ ಬೀದಿಯ ಜಯಮ್ಮತ್ತೆ ಬಂದರು. ರೇಷ್ಮೆ ಸಾಕುವವರು. ಅಮ್ಮ ಹಿತ್ತಲಿಗೆ ಹೋಗುವವರೆಗೆ ಕಾದು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದರು: "ಮಗಾ, ನೀನು ನೆನ್ನೆ ಯೋಳ್ದಲ್ಲ ಆ ಕ್ಷಯ, ಸಾವ್ರ ಕೋಟೀಲಿ ಒಬ್ರಿಗೆ ಬರದು... ಅದು ನಂಗೇ ಬಂದ್ಬುಟ್ಟೈತಾ ಅಂತ ಒಸಿ ನೋಡವ್ವ."

ನಾನು ಗೊಳ್ಳನೆ ನಕ್ಕುಬಿಟ್ಟೆ. "ಅಯ್ಯೋ ಅತ್ತೆ, ಅದು ಕಾಯಿಲೆ ಅಲ್ಲ, ಕಣಗಳ ವಿಷಯ!" ಅಂದೆ. ಅತ್ತೆ ನಗಲಿಲ್ಲ. "ಹಂಗಾರೆ ನೀನು ನೋಡಾಕಿಲ್ವಾ?" ಅಂತ ಎದ್ದು ನಿಂತರು. ಕಣ್ಣಲ್ಲಿ ನೀರಿತ್ತು. ನನಗೆ ಯಾಕಾದರೂ ನಕ್ಕೆನೋ ಅನ್ನಿಸಿತು.

ಕೈಹಿಡಿದು ಕೂರಿಸಿದ ಮೇಲೆ ಎಲ್ಲ ಹೊರಬಂತು. ಎರಡು ತಿಂಗಳಿಂದ ಬಿಡದ ಕೆಮ್ಮು. ಮಗಳು ಸವಿತ ಹೆರಿಗೆಗೆ ಬಂದಿದ್ದಾಳೆ, ಹೆಣ್ಣು ಮಗು ಹುಟ್ಟಿ ಒಂದು ತಿಂಗಳಾಗಿದೆ. ತನಗೆ ಕ್ಷಯವಿದ್ದರೆ ಮಗುವಿಗೆ ಅಂಟೀತು ಅಂತ ಅತ್ತೆ ಒಂದು ಸಲವೂ ಅದನ್ನು ಎತ್ತಿಕೊಂಡಿಲ್ಲ. ಮಗುವಿಗೆ ನೀರು ಹಾಕುವುದಕ್ಕೂ ಬೇರೆಯವರನ್ನು ಕರೆಸಿ, ತಾವು ಹುಳು ಸಾಕುವ ಮನೆಯಲ್ಲೇ ಮಲಗುತ್ತಿದ್ದಾರೆ. ಕಾರಣ ಯಾರಿಗೂ ಹೇಳಿಲ್ಲ.

"ಹೆಣ್ಣಾಯ್ತು ಅಂತ ಅವ್ವಂಗೆ ಸಿಟ್ಟು ಅಂದ್ಕೊಂಡವಳೆ ಕಣವ್ವ ನನ್ ಮಗಳು. ಅಂದ್ಕೊಳ್ಳಿ ಬುಡು, ಕೂಸು ಚೆಂದಾಗಿದ್ರೆ ಸಾಕು. ಆಸ್ಪತ್ರೆಗೆ ಹೋದ್ರೆ ಊರ್ಗೆಲ್ಲಾ ಗೊತ್ತಾಯ್ತದೆ. ನೀನಾದ್ರೆ ಯಾರ್ಗೂ ಯೋಳಾಕಿಲ್ಲ ಅಂತ ಬಂದೆ" ಅಂದರು.

ಸೀರೆ ತರಲು ಹೋಗುತ್ತೇವೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಇಬ್ಬರೂ ಚನ್ನಪಟ್ಟಣದ ಬಸ್ಸು ಹತ್ತಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ರಿಪೋರ್ಟಿಗೆ ಎರಡು ದಿನ ಬಿಟ್ಟು ಬನ್ನಿ ಅಂದರು. ಸಾವಿರ ಕೋಟಿಯಲ್ಲಿ ಒಂದರ ಲೆಕ್ಕ ಹೇಳುವ ನನಗೆ ಈ ಒಬ್ಬರ ವಿಷಯ ಏನೂ ಹೇಳಲು ಬರುತ್ತಿರಲಿಲ್ಲ.

ಡಾಕ್ಟರು ರಿಪೋರ್ಟು ನೋಡಿ, ಅತ್ತೆಯ ಕೆಲಸ, ಮಲಗುವ ಜಾಗ ಎಲ್ಲ ವಿಚಾರಿಸಿ, "ಕ್ಷಯ ಅಲ್ಲಮ್ಮ. ಆಗಿದ್ದರೂ ಆರು ತಿಂಗಳು ಸರಿಯಾಗಿ ಮಾತ್ರೆ ತಗೊಂಡಿದ್ರೆ ವಾಸಿಯಾಗ್ತಿತ್ತು. ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಮೂಗಿಗೆ ಬಟ್ಟೆ ಕಟ್ಕೋತೀರಾ?" ಅಂತ ಕೇಳಿದರು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. "ಅದರ ಘಾಟಿಗೇ ಈ ಕೆಮ್ಮು. ಮೊದಲು ಅಲ್ಲಿ ಮಲಗೋದು ಬಿಡಿ" ಅಂದು ಔಷಧಿ ಬರೆದುಕೊಟ್ಟರು.

ಬಸ್ಸಿಳಿದ ಅತ್ತೆ ನಡೆಯಲಿಲ್ಲ, ಓಡಿದರು ಅಂತಲೇ ಹೇಳಬೇಕು. ಕೈಕಾಲು ತೊಳೆದವರೇ ಸೀದಾ ಒಳಗೆ ಹೋಗಿ ಸವಿತಳ ಮಡಿಲಿಂದ ಮಗುವನ್ನು ಎತ್ತಿಕೊಂಡರು. ಸವಿತ ಬೆರಗಾಗಿ ನನ್ನ ಕಡೆ ನೋಡಿದಳು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. "ನನ್ ತಾವ ಒಂದ್ ಮಾತು ಯೋಳ್ಬಾರ್ದಿತ್ತಾ ಅವ್ವ?" ಅಂತ ಅವಳು ಅಳತೊಡಗಿದಳು. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು.

ಈಗ ನನ್ನ ಪಿಎಚ್.ಡಿ. ಮುಗಿದಿದೆ. ನನ್ನ ಲೆಕ್ಕ ಸರಿಯೋ ತಪ್ಪೋ ಪ್ರಯೋಗ ಮಾಡುವವರು ಇನ್ನೂ ಹೇಳಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಊರಲ್ಲಿ ಮಾತ್ರ ಅತ್ತೆಯ ಪ್ರಚಾರದಿಂದ ನಾನು ಕ್ಷಯದ ಡಾಕ್ಟರೇ ಆಗಿಹೋಗಿದ್ದೇನೆ. ರಜೆಗೆ ಹೋದರೆ ಯಾರಾದರೂ ಕೆಮ್ಮಿಕೊಂಡು ಬರುತ್ತಾರೆ. ನಾನು ಆ ಡಾಕ್ಟರಲ್ಲ ಅಂತ ಹೇಳಿ ಆಸ್ಪತ್ರೆಗೆ ಕಳಿಸುತ್ತೇನೆ, ಆದರೆ ಅವರ ಮಾತು ಪೂರ್ತಿ ಕೇಳಿದ ಮೇಲೆಯೇ. ಅವತ್ತು ನಕ್ಕಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ನಗುವಿಗೆ ನೊಂದು ಅತ್ತೆ ಎದ್ದು ಹೋಗಿಬಿಟ್ಟಿದ್ದರೆ, ಆ ಮಗು ಅಜ್ಜಿಯ ಮಡಿಲಿಗಾಗಿ ಇನ್ನೆಷ್ಟು ದಿನ ಕಾಯಬೇಕಿತ್ತೋ.