ವರ್ಲಾ ಉಜ್ಜಿದ ಮರ

ವರ್ಲಾ ಹ್ಯಾಕನ್‌ಬರ್ಗ್ ಪೆನ್ಸಿಲ್ವೇನಿಯಾದ ಒಂದು ಮೇಜು-ಕುರ್ಚಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮರ ಉಜ್ಜಿದವಳು. ಉಪ್ಪುಕಾಗದ ಹಿಡಿದು ಹಿಡಿದು ಅವಳ ಬೆರಳ ತುದಿಯ ಗೆರೆಗಳೇ ಸವೆದಿದ್ದವು. ಆದರೆ ಆ ಬೆರಳಿಗೆ ಗುಟ್ಟು ಬಿಟ್ಟುಕೊಡದ ಮರವಿರಲಿಲ್ಲ. ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಹಳೇ ರೈಫಲ್‌ಗಳ ಪ್ರದರ್ಶನಕ್ಕೆ ಈ ಸಲ ತೀರ್ಪುಗಾರಳಾಗಿ ಅವಳನ್ನು ಕರೆದದ್ದು ಅದಕ್ಕೇ. ಆ ಕೆಲಸಕ್ಕೆ ಹೆಂಗಸೊಬ್ಬಳನ್ನು ಕರೆದದ್ದು ಅದೇ ಮೊದಲು.

ಮೊದಲ ಬಹುಮಾನದ ನೀಲಿ ರಿಬ್ಬನ್ನು ಸಲ್ಲುವುದು ಸೈನ್ಯದಿಂದ ಬಂದ ಹಾಗೇ ಉಳಿದ ರೈಫಲ್ಲಿಗೆ. ಅಂಥದ್ದು ಸಿಗುವುದೇ ಅಪರೂಪ. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕವನ್ನು ಆ ಕಣಿವೆಯ ಅಪ್ಪಂದಿರೆಲ್ಲ ಜಿಂಕೆ ಬೇಟೆಗೆ ಮೊದಲು ಮರ ಉಜ್ಜಿ, ವಾರ್ನಿಶ್ ಬಳಿದು, ಮದುವಣಗಿತ್ತಿಯ ಹಾಗೆ ಸಿಂಗರಿಸಿಬಿಟ್ಟಿದ್ದರು.

ಕೊನೆಯ ಮೇಜಿನ ಹಿಂದೆ ಅವಳ ತಮ್ಮ ಆರಿನ್ ನಿಂತಿದ್ದ. ಮುಂದೆ ಅಪ್ಪನ ರೈಫಲ್.

"ನೋಡಕ್ಕ, ಅಪ್ಪನ ಹತ್ರ ಎರಡಿದ್ವಲ್ಲ, ಉಜ್ಜಿದ್ದನ್ನ ಮಾರಿಬಿಟ್ರು. ಇದು ಯಾರೂ ಮುಟ್ಟದೇ ಇರೋದು. ರಿಬ್ಬನ್ ನೇತುಹಾಕೋಕೆ ಗೋಡೆಗೆ ಮೊಳೆ ಹೊಡೆದೇ ಬಂದಿದೀನಿ."

"ತಮ್ಮನಿಗೆ ಬಿಟ್ಟು ಇನ್ಯಾರಿಗೆ ಕೊಡ್ತಾಳೆ ಬಿಡ್ರಪ್ಪ!" ಪಕ್ಕದ ಮೇಜಿನಿಂದ ಮುದುಕ ಕ್ಲೆಟಸ್ ಕಿಚಾಯಿಸಿದ.

"ಕಾಫಿ ಕುಡಿ ಕ್ಲೆಟಸ್. ಬಾಯಿಗೊಂದು ಕೆಲಸ ಆಗುತ್ತೆ," ಎಂದವಳೇ ವರ್ಲಾ ಬಗ್ಗಿದಳು.

ಹೆಗಲಿಗೆ ಒತ್ತುವ ಕಡೆಯ ಉಕ್ಕಿನ ತಗಡಿನಿಂದ ಮರದತ್ತ ಉಗುರೆಳೆದಳು. ಮುಟ್ಟದ ಮರವಾದರೆ ಉಕ್ಕಿಗಿಂತ ಕೂದಲೆಳೆಯಷ್ಟು ಮೇಲಿದ್ದು ಉಗುರನ್ನು ತಡೆಯಬೇಕು. ಇಲ್ಲಿ ಉಗುರು ಕೆಳಕ್ಕೆ ಜಾರಿತು. ಸೈನ್ಯದ ಮುದ್ರೆಯೂ ಚೀಪಿದ ಪೆಪ್ಪರಮೆಂಟಿನಂತೆ ನುಣ್ಣಗಾಗಿತ್ತು. ವಾರ್ನಿಶ್ ಬಳಿಯದೆ ಬರೀ ಅಗಸೆ ಎಣ್ಣೆ ಹಚ್ಚಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆ. ಗುಂಡು ಹಾರಿಸಲು ಎಳೆಯುವ ಕುದುರೆಯ ಹಿಂದೆ, ಮರದ ಎಳೆಗೆ ಅಡ್ಡವಾಗಿ, ಮೂರು ಸಣ್ಣ ಗೀರು.

ಆ ಗೀರುಗಳ ಗುರುತು ಅವಳಿಗೆ ಸಿಕ್ಕಿತು. ಹಿತ್ತಿಲ ಮೆಟ್ಟಿಲು, ಒಂಬತ್ತು ವರ್ಷದ ತನ್ನ ಮಡಿಲಲ್ಲಿ ಹಿಡಿಸದಷ್ಟು ಉದ್ದದ ರೈಫಲ್, ಪಕ್ಕದಲ್ಲಿ ಅಪ್ಪ. "ಬೆಕ್ಕಿನ ಬೆನ್ನು ಸವರೋ ಹಾಗೆ ಪುಟ್ಟಿ, ಎಳೆ ಹೋದ ಕಡೆಗೇ." ಆದರೂ ಮೂರು ಸಲ ಕೈ ಜಾರಿತ್ತು. ಆರಿನ್ ಆಗಿನ್ನೂ ತೊಟ್ಟಿಲಲ್ಲಿದ್ದ. ಅಂದರೆ ಅಪ್ಪ ಮಾರಿದ್ದು ಉಜ್ಜದೇ ಇದ್ದ ಇನ್ನೊಂದನ್ನು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ನಾಳೆಯಿಂದ ಈ ಬೆರಳನ್ನು ತಾನೇ ನಂಬುವುದು ಹೇಗೆ? ಹೇಳಿದರೋ, ಮೊಳೆ ಹೊಡೆದು ಬಂದ ತಮ್ಮನ ಮುಖ ನೋಡುವುದು ಹೇಗೆ?

"ಇದು ಉಜ್ಜಿದ್ದು ಕಣೋ."

"ಸುಳ್ಳು! ಯಾರು ಉಜ್ಜಿದ್ದು, ಹೇಳು ನೋಡೋಣ?"

"ನಾನೇ. ಅಪ್ಪ ಕೂರಿಸ್ಕೊಂಡು ಉಜ್ಜಿಸಿದ್ರು. ಒಂಬತ್ತು ವರ್ಷ ನಂಗೆ. ಈ ಗೀರು ನಂದೇ."

ಆರಿನ್ ಕೆಂಪೇರಿದ. ಗೀರುಗಳ ಮೇಲೆ ಬೆರಳಿಟ್ಟ, ಆಮೇಲೆ ಇಡೀ ಮರವನ್ನು ನಿಧಾನವಾಗಿ ಸವರಿದ.

"ಐವತ್ತು ವರ್ಷ ಈ ಊರಿನ ಒಬ್ಬ ಗಂಡಸಿಗೂ ಗೊತ್ತಾಗ್ಲಿಲ್ವಲ್ಲೇ ಅಕ್ಕ!"

ರಿಬ್ಬನ್ನು ಯಾರೂ ಉಜ್ಜದ, ಕ್ಲೆಟಸ್‌ನ ಎಣ್ಣೆಗಪ್ಪು ರೈಫಲ್ಲಿಗೆ ಹೋಯಿತು. ಅಪ್ಪನ ರೈಫಲ್ಲಿನ ಚೀಟಿಯ ಮೇಲೆ ವರ್ಲಾ 'ಉಜ್ಜಿದ್ದು' ಎಂದು ಬರೆದಳು. ಆರಿನ್ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಅದರ ಕೆಳಗೆ ಸೇರಿಸಿದ: 'ನನ್ನ ಅಕ್ಕ, ಒಂಬತ್ತನೇ ವಯಸ್ಸಿನಲ್ಲಿ.'

ಅವನ ಮನೆಯ ಗೋಡೆಯ ಮೊಳೆಗೆ ಈಗ ನೇತಾಡುತ್ತಿರುವುದು ಆ ಚೀಟಿಯೇ.