ಕೆಂದು ನಾಯಿಯ ಹಿಂದಿನ ಮನೆ

ಅಣೆಕಟ್ಟೆಯ ನೀರು ಏರಿದ ವರ್ಷ ನಾನು ಕಾರ್ಗಲ್‌ನಲ್ಲಿ ಗುಮಾಸ್ತನಾಗಿದ್ದೆ. ಮುಳುಗಡೆ ಊರುಗಳನ್ನು ಬಿಟ್ಟುಹೋದವರ ನಾಯಿಗಳು ನಮ್ಮ ಕಾಲೋನಿಗೆ ಬಂದು ಸೇರುತ್ತಿದ್ದವು. ದನದ ಆಸ್ಪತ್ರೆಯ ಕಾಂಪೌಂಡರು ಹಿತ್ತಲಲ್ಲಿ ಗಂಜಿ ಹಾಕಿ ಅವನ್ನು ಸಾಕುತ್ತಿದ್ದರು. ಅಲ್ಲಿಂದ ಒಂದು ಕೆಂದು ನಾಯಿಯನ್ನು ಮನೆಗೆ ತಂದೆ. ಲಾರಿಯ ಸದ್ದು ಕೇಳಿದರೆ ಸಾಕು, ಅದು ರಸ್ತೆಗೆ ಓಡಿ ಬಹಳ ದೂರ ಹಿಂಬಾಲಿಸುತ್ತಿತ್ತು. ಯಾರನ್ನು ಹುಡುಕುತ್ತಿದೆಯೋ ಎಂದು ನನಗೆ ಸಮಾಧಾನವೇ ಇರಲಿಲ್ಲ.

ಕೊನೆಗೆ ಒಬ್ಬ ಲಾರಿ ಡ್ರೈವರ್ ಅದರ ಗುರುತು ಹಿಡಿದ. ಅದರ ಮನೆಯವರನ್ನು ಅವನೇ ನಿಟ್ಟೂರಿನ ಹತ್ತಿರ ಇಳಿಸಿ ಬಂದಿದ್ದನಂತೆ. ಅವರು ವಾಪಸ್ ಕೇಳಿದರೆ ಕೊಟ್ಟುಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಒಂದು ಭಾನುವಾರ ಅವನ ಜೊತೆ ನಾಯಿಯನ್ನು ಕರೆದುಕೊಂಡು ಹೋದೆ.

ಹೊಸ ಗುಡಿಸಲಿನ ಮುಂದೆ ಒಬ್ಬ ಹೆಂಗಸು ಅಕ್ಕಿ ಕೇರುತ್ತಿದ್ದರು. ನಾಯಿ ಹಗ್ಗ ಕಿತ್ತುಕೊಂಡು ಓಡಿ ಅವರ ಪಾದದ ಮೇಲೆ ಬಿದ್ದುಕೊಂಡಿತು.

"ಇದು ನಿಮ್ದೇನಮ್ಮಾ?" ಎಂದೆ.

"ಅಲ್ಲ. ನಮ್ಮ ನಾಯಿ ಅಲ್ಲ," ಎಂದರು, ಮೊರದಿಂದ ಕಣ್ಣು ತೆಗೆಯದೆ.

ಡ್ರೈವರ್ ಏನೋ ಹೇಳಹೊರಟ, ನಾನು ತಡೆದೆ. ಬಿಟ್ಟು ಬಂದವರು ನಾವೇ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ನಮಗೆ ಕಾಫಿ ಕೊಟ್ಟು, ನಾಯಿಗೆ ಅನ್ನ ಹಾಕಿ, ಅದು ತಿನ್ನುವಷ್ಟು ಹೊತ್ತೂ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಹೊರಟಾಗ ತಾವೇ ಅದನ್ನು ಎತ್ತಿ ಲಾರಿಗೆ ಹತ್ತಿಸಿದರು.

"ಗುಡುಗಿದ್ರೆ ಭಾಳ ಹೆದರ್ತದೆ. ಒಳಗೆ ಕರ್ಕೊಳಿ," ಎಂದರು.

ನಾಯಿ ಹೊಸ್ತಿಲು ದಾಟಬಾರದು ಎಂದು ನಮ್ಮ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದವನು ನಾನೇ. ಮುಂದಿನ ಮಳೆಗಾಲದ ಮೊದಲ ಗುಡುಗಿಗೆ ಅದು ನನ್ನ ಮಂಚದ ಕೆಳಗಿತ್ತು. ಒಳಗೆ ಬಿಟ್ಟವರು ಯಾರೆಂದು ಹೆಂಡತಿ ಕೇಳಿದಳು. ನನಗೇನು ಗೊತ್ತು ಎಂದೆ.